ಸೀಟಿರಾಯರ ಸುಳ್ಳು ಶಾಲೆ

ಹಾಸಿಗೆ ಕಾರ್ಖಾನೆಯ ಮ್ಯಾನೇಜರು ಅವತ್ತು ಸೀಟಿರಾಯರ ಬೆನ್ನು ತಟ್ಟದೆ ಸುಮ್ಮನೆ ತಮ್ಮ ಕೋಣೆಗೆ ಹೋಗಿಬಿಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಸೀಟಿರಾಯರು ಆ ಕಾರ್ಖಾನೆಯ ಸುರಕ್ಷತಾ ಮೇಲ್ವಿಚಾರಕರು. ಹತ್ತಿ, ಸ್ಪಂಜು ಗುಡ್ಡೆಗುಡ್ಡೆಯಾಗಿ ಬಿದ್ದಿರುವ ಕಡೆ ಬೆಂಕಿಯ ಭಯ ಇದ್ದದ್ದೇ. ಆದ್ದರಿಂದ ಆಗಾಗ ಒಂದು ಸುಳ್ಳು ಬೆಂಕಿಯ ಕವಾಯತು ನಡೆಸಬೇಕು. ರಾಯರು ಕೊರಳಲ್ಲಿ ನೇತಾಡುವ ಸೀಟಿಯನ್ನು ಊದಿದರೆ ಹೊಲಿಯುವವರು, ತುಂಬುವವರು, ಲೆಕ್ಕ ಬರೆಯುವವರು ಎಲ್ಲರೂ ಎದ್ದು ಸಾಲಾಗಿ ಅಂಗಳಕ್ಕೆ ಬಂದು ನಿಲ್ಲಬೇಕು. ಹಿಂದೆಲ್ಲ ಸೀಟಿ ಊದಿದಾಗ ಅರ್ಧ ಜನ ಕ್ಯಾಂಟೀನಿಗೆ ಹೋಗುತ್ತಿದ್ದರು. ಉಳಿದರ್ಧ ಜನ ಹೊಸ ಹಾಸಿಗೆಯ ಗುಣಮಟ್ಟ ಪರೀಕ್ಷಿಸುತ್ತ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಈ ಸಲ ಮಾತ್ರ ಮ್ಯಾನೇಜರ ಲೋಟದ ಚಹಾ ಆರುವ ಮುಂಚೆ ಇಡೀ ಕಾರ್ಖಾನೆ ಅಂಗಳದಲ್ಲಿತ್ತು. ಅಂಗಳದಲ್ಲಿ ಹಾವು ಕಾಣಿಸಿಕೊಂಡಿದೆ, ನೋಡಬನ್ನಿ ಎಂದು ಯಾರೋ ಕೂಗಿದ್ದು ರಾಯರ ಕಿವಿಗೂ ಬಿದ್ದಿರಲಿಲ್ಲ, ಮ್ಯಾನೇಜರ ಕಿವಿಗೂ ಬಿದ್ದಿರಲಿಲ್ಲ.

"ಜನರನ್ನ ಹೀಗೆ ಹೊರಡಿಸೋದು ಸುಲಭ ಅಲ್ಲ ರಾಯರೇ. ಅದಕ್ಕೆ ಒಂದು ಕಲೆ ಬೇಕು," ಎಂದು ಮ್ಯಾನೇಜರು ಬೆನ್ನು ತಟ್ಟಿದರು.

ರಾಯರು ಆ ಬೆನ್ನನ್ನು ಹಾಗೇ ಜೋಪಾನವಾಗಿ ಮನೆಗೆ ತಂದರು.

ಮನೆಯಲ್ಲಿ ಆ ಕಲೆಗೆ ಕಿಮ್ಮತ್ತೇ ಇರಲಿಲ್ಲ. ಹೋದ ವರ್ಷ ಶಾಲೆಯ ಮೊದಲ ದಿನ ಮಗನನ್ನು ಹೊರಡಿಸುವ ಜವಾಬ್ದಾರಿ ಅವರ ತಲೆಗೆ ಬಿದ್ದಿತ್ತು. ಹುಡುಗನೇನೋ ಹೊತ್ತಿಗೆ ಸರಿಯಾಗಿ ಶಾಲೆ ತಲುಪಿದ. ಆದರೆ ಅವನ ಪುಸ್ತಕದ ಚೀಲ ಇಸ್ತ್ರಿ ಅಂಗಡಿಗೆ ಹೋಗಿ, ಇಸ್ತ್ರಿಗೆ ಕೊಡಬೇಕಾಗಿದ್ದ ಬಟ್ಟೆಯ ಗಂಟು ಏಳನೇ ತರಗತಿಯ ಬೆಂಚಿನ ಮೇಲೆ ಕೂತಿತ್ತು. ಅಲ್ಲಿಂದಾಚೆ ರಾಯರ ಹೆಂಡತಿ ಅವರ ಮೇಲೆ ಒಂದು ಸಣ್ಣ ಕೆಲಸವನ್ನೂ ಹೇರಿರಲಿಲ್ಲ.

ಈ ವರ್ಷ ಕೆಲಸ ಇನ್ನೂ ಕಠಿಣವಾಗಿತ್ತು. ಮಗನ ಜೊತೆಗೆ ಚಿಕ್ಕ ಮಗಳೂ ಒಂದನೇ ತರಗತಿಗೆ ಹೊರಡಬೇಕು. ಅವಳೋ, ಶಾಲೆ ಎಂಬ ಮಾತು ಕೇಳಿದರೆ ಸಾಕು, ಬಟ್ಟೆಯ ಬೀರುವಿನೊಳಗೆ ಹೊಕ್ಕು ಬಾಗಿಲೆಳೆದುಕೊಳ್ಳುತ್ತಿದ್ದಳು. ಓದೋಕೆ ಬರೋ ತನಕ ಮನೆಗೆ ಬಿಡಲ್ಲ ಅಂತ ಅಣ್ಣ ಅವಳ ಕಿವಿಯಲ್ಲಿ ಊದಿಬಿಟ್ಟಿದ್ದ. ಮುದ್ದು ಮಾಡಿ ನೋಡಿದ್ದಾಯಿತು, ಗದರಿ ನೋಡಿದ್ದಾಯಿತು. "ಹೋಗಲ್ಲ ಅಂದ್ರೆ ಹೋಗಲ್ಲ," ಎಂಬ ಉತ್ತರ ಬೀರುವಿನೊಳಗಿಂದ ಬರುತ್ತಿತ್ತೇ ಹೊರತು ಹುಡುಗಿ ಬರುತ್ತಿರಲಿಲ್ಲ.

ರಾಯರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆ ವಾರ ಅವರಿಗೆ ರಾತ್ರಿ ಪಾಳಿ. ಶಾಲೆ ಶುರುವಾಗುವುದು ಮಂಗಳವಾರ. ಮೊದಲು ಸೋಮವಾರ ಎಂದಿದ್ದರು, ಕಟ್ಟಡಕ್ಕೆ ಬಣ್ಣ ಬಳಿಯುವ ಕೆಲಸ ಮುಗಿಯಲಿಲ್ಲವೆಂದು ಒಂದು ದಿನ ಮುಂದಕ್ಕೆ ಹಾಕಿದ್ದರು. ಅದು ಬೀದಿಗೆಲ್ಲ ಗೊತ್ತಿತ್ತು.

ಭಾನುವಾರ ಸಂಜೆ ಪಾಳಿಗೆ ಹೊರಡುವಾಗ ಆಕೆ ಹೇಳಿದರು, "ಮಂಗಳವಾರ ನಾನು ರಜೆ ಹಾಕಿದೀನಿ. ಮಕ್ಕಳನ್ನ ನಾನೇ ಹೊರಡಿಸ್ತೀನಿ. ನೀವು ಏನೂ ಮಾಡಬೇಡಿ."

"ಏನಾದ್ರೂ ಸಹಾಯ..."

"ಏನೂ ಮಾಡದೆ ಇದ್ರೆ ಅದೇ ದೊಡ್ಡ ಸಹಾಯ."

ಮ್ಯಾನೇಜರು ತಟ್ಟಿದ ಬೆನ್ನಿಗೆ ಈ ಮಾತು ಚುರ್ ಎಂದಿತು. ನೂರಾರು ಜನರನ್ನು ಅಂಗಳಕ್ಕೆ ಇಳಿಸಿದ ಮನುಷ್ಯ, ಎರಡು ಮಕ್ಕಳನ್ನು ಶಾಲೆಗೆ ಹೊರಡಿಸಲಾರನೇ? ಕಾರ್ಖಾನೆಯಲ್ಲಿ ಹೇಗೆ ಸುಳ್ಳು ಬೆಂಕಿಯ ಕವಾಯತೋ ಹಾಗೆಯೇ ಮನೆಯಲ್ಲಿ ಸುಳ್ಳು ಶಾಲೆಯ ಕವಾಯತು ನಡೆಸಿದರೆ ಆಯಿತು. ಸೋಮವಾರ ಬೆಳಿಗ್ಗೆ, ಹೆಂಡತಿ ಆಸ್ಪತ್ರೆಯಿಂದ ಬರುವ ಮುಂಚೆ, ಎಲ್ಲವನ್ನೂ ಒಂದು ಸಲ ಮಾಡಿ ನೋಡಿಬಿಡುವುದು. ಮರುದಿನ ಹೂವಿನ ಸರ ಎತ್ತಿದಷ್ಟು ಸಲೀಸು. ರಾಯರಿಗೆ ತಮ್ಮ ಬುದ್ಧಿಯ ಬಗ್ಗೆ ತಮಗೇ ಅಚ್ಚರಿಯಾಯಿತು. ಆ ಅಚ್ಚರಿ ಮುಂದೆ ಎಲ್ಲರಿಗೂ ಆಗಲಿಕ್ಕಿತ್ತು.

ಸೋಮವಾರ ಬೆಳಕು ಹರಿಯುತ್ತಲೇ ನಡುಮನೆಯಲ್ಲಿ ಸೀಟಿ ಮೊಳಗಿತು.

ಮಗ ಹಾಸಿಗೆಯಿಂದ ಉರುಳಿ ಎದ್ದು ಕೂತ. ಮಗಳು ನೆಟ್ಟಗೆ ಬೀರುವಿಗೆ ಓಡಿದಳು. ಕಿಟಕಿಯ ಬಳಿ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆಯವರು, ಎಂದರೆ ರಾಯರ ಹೆಂಡತಿಯ ತಾಯಿ, ತಲೆಯೆತ್ತದೆ ಕೇಳಿದರು, "ಎಲ್ಲಿ ಬೆಂಕಿ?"

"ಬೆಂಕಿ ಅಲ್ಲ ಅತ್ತೆ, ಶಾಲೆ. ಇವತ್ತು ಅಭ್ಯಾಸ, ನಾಳೆ ನಿಜ." ರಾಯರು ಬೀರುವಿನ ಮುಂದೆ ಮಂಡಿಯೂರಿ ಕೂತರು. "ಪುಟ್ಟೀ, ಹೊರಗೆ ಬಾ. ಇದು ಸುಳ್ಳು ಶಾಲೆ."

ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. "ಸುಳ್ಳು ಅಂದ್ರೆ?"

"ಸುಳ್ಳು ಅಂದ್ರೆ ಸುಳ್ಳು. ಯೂನಿಫಾರಂ ಹಾಕ್ಕೊಳ್ಳೋದು, ಚೀಲ ಹಾಕ್ಕೊಳ್ಳೋದು, ಒಂದು ಸುತ್ತು ಹೋಗಿ ಬರೋದು. ಆಟ."

"ಓದೋಕೆ ಬರದಿದ್ರೂ ಮನೆಗೆ ಬಿಡ್ತಾರಾ?"

"ಸುಳ್ಳು ಶಾಲೆಲಿ ಎಲ್ಲಾರನ್ನೂ ಬಿಡ್ತಾರೆ."

"ಹಂಗಾದ್ರೆ ಬರ್ತೀನಿ," ಎಂದು ಹುಡುಗಿ ಹೊರಗೆ ಬಂದೇಬಿಟ್ಟಳು. ವಾರಗಟ್ಟಲೆ ಆಗದ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಆಗಿತ್ತು. ರಾಯರ ಎದೆ ಉಬ್ಬಿತು.

ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಾರ್ಖಾನೆಯ ನಿಯಮ ವಿವರಿಸಿದರು. "ಒಂದು ಮಾತು ನೆನಪಿಡಿ. ಇದು ಅಭ್ಯಾಸ ಅಂತ ಹೊರಗಿನವರ ಮುಂದೆ ಯಾರೂ ಬಾಯಿ ಬಿಡಬಾರದು. ಅಭ್ಯಾಸ ಅಂತ ಗೊತ್ತಾದ ಕೂಡಲೇ ಶಿಸ್ತು ಹಾಳಾಗುತ್ತೆ. ಯಾರು ಕೇಳಿದ್ರೂ ಶಾಲೆ ಇವತ್ತೇ. ಅತ್ತೆ, ನಿಮಗೂ ಹೇಳ್ತಿದೀನಿ."

"ನನ್ನನ್ನ ಯಾರು ಕೇಳ್ತಾರೆ," ಎಂದು ಅತ್ತೆಯವರು ಇನ್ನೊಂದು ಬಟಾಣಿ ಸುಲಿದರು.

ಆ ಬೆಳಿಗ್ಗೆ ನಡೆದ ಕವಾಯತನ್ನು ನೋಡಲು ಮ್ಯಾನೇಜರು ಇರಬೇಕಾಗಿತ್ತು. ಸ್ನಾನ, ಹಾಲು, ಬ್ರೆಡ್ಡು, ಕಾಲುಚೀಲ, ಬೂಟು, ಜಡೆ ಎಲ್ಲ ಒಂದರ ಹಿಂದೊಂದು ಸೀಟಿಗೆ ಸರಿಯಾಗಿ ನಡೆದವು. ಜಡೆಯೊಂದು ಸ್ವಲ್ಪ ಕಿವಿಯ ಮೇಲೆ ಬಂದಿತ್ತು, ಅಷ್ಟೆ. ರಾಯರು ಮುಂದೆ, ಮಗಳು ನಡುವೆ, ಆಕಳಿಸುತ್ತಿದ್ದ ಮಗ ಹಿಂದೆ, ಮೂವರೂ ಬೀದಿಗೆ ಇಳಿದರು.

ಮೇಲಿನ ಮನೆಯಲ್ಲಿ ಅವಳಿ ಗಂಡುಮಕ್ಕಳ ತಾಯಿ ಬಟ್ಟೆ ಒಣಗಲು ಹಾಕುತ್ತಿದ್ದರು. ಬೀದಿಯ ಸುದ್ದಿಯೆಲ್ಲ ಆ ಬಾಲ್ಕನಿಯ ಮೂಲಕವೇ ಹಾದುಹೋಗಬೇಕು. ಹೊಸ ಯೂನಿಫಾರಂನ ಮಡಿಕೆ ಕಣ್ಣಿಗೆ ಬೀಳುತ್ತಲೇ ಆಕೆಯ ಕೈಯಲ್ಲಿದ್ದ ಒದ್ದೆ ಟವೆಲ್ಲು ಅಲ್ಲೇ ನಿಂತಿತು.

"ಏನ್ರೀ ಇದು, ಶಾಲೆ ನಾಳೆ ಅಲ್ವಾ?"

ರಾಯರು ನಿಯಮ ನೆನೆದರು. "ಇವತ್ತೇ."

"ನಾಳೆ ಅಂದಿದ್ರಲ್ಲ?"

"ಅಂದಿದ್ರು," ಎಂದು ರಾಯರು ಗೂಢವಾಗಿ ನಕ್ಕು ಮುಂದೆ ನಡೆದರು. ಶಿಸ್ತಿನ ಮನುಷ್ಯ ದಾರಿಯಲ್ಲಿ ನಿಂತು ಮಾತಾಡಬಾರದಷ್ಟೆ.

ಆಕೆಗೆ ಸಮಾಧಾನವಾಗಲಿಲ್ಲ. ಕೆಳಗಿನ ಕಿಟಕಿಗೆ ಬಗ್ಗಿ, "ಅಜ್ಜೀ, ಶಾಲೆ ಇವತ್ತೇನಾ?" ಎಂದು ಕೂಗಿದರು.

"ನನ್ನನ್ನ ಕೇಳಬೇಡಮ್ಮ," ಎಂದಿತು ಕಿಟಕಿ. "ಹೊರಗಿನವರ ಮುಂದೆ ಬಾಯಿ ಬಿಡಬೇಡಿ ಅಂತ ನಮ್ಮ ಅಳಿಯಂದಿರು ಹೇಳಿದಾರೆ."

ಅಷ್ಟು ಸಾಕಾಯಿತು. ಸುಳ್ಳಾಗಿದ್ದರೆ ಬಾಯಿಗೆ ಬೀಗ ಯಾಕೆ? ಗುಟ್ಟಾಗಿ ಬೆಳಿಗ್ಗೆ ಬೆಳಿಗ್ಗೆ ಹೋಗುವುದು ಯಾಕೆ? ಆಕೆಯ ತಲೆಯಲ್ಲಿ ದೀಪ ಹೊತ್ತಿತು. ಮೊದಲ ಬೆಂಚು. ಮೊದಲು ಹೋದವರ ಮಕ್ಕಳಿಗೆ ಮೊದಲ ಬೆಂಚು ಸಿಗುತ್ತದೆ, ವರ್ಷವಿಡೀ ಅದೇ ಜಾಗ. ಆಕೆ ಟವೆಲ್ಲನ್ನು ಬಕೆಟ್ಟಿಗೆ ಎಸೆದು ಒಳಗೆ ಓಡಿದರು. ಓಡುವಾಗಲೇ ಪಕ್ಕದ ಬಾಲ್ಕನಿಗೆ ಒಂದು ಮಾತು, ಹಿಂದಿನ ಕಿಟಕಿಗೆ ಒಂದು ಮಾತು ಹಾಕಿಯೇ ಓಡಿದರು.

ಇತ್ತ ಬೀದಿಯ ಮೂಲೆಯಲ್ಲಿ ಟೈಲರು ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಅರ್ಧ ಬೀದಿಯ ಯೂನಿಫಾರಂಗಳು ಅವನ ಬಳಿ ತೋಳಿಲ್ಲದೆ, ಗುಂಡಿಯಿಲ್ಲದೆ ಬಿದ್ದಿದ್ದವು. ಸಂಜೆಗೆ ಕೊಡ್ತೀನಿ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದ.

"ಸ್ವಾಮಿ, ಇವತ್ತೇನಾ?" ಎಂದ, ಬಾಯಿ ಒಣಗಿಸಿಕೊಂಡು.

ರಾಯರು ತಲೆಯಾಡಿಸಿದರು. ಟೈಲರು ಅರ್ಧ ತೆಗೆದ ಬಾಗಿಲನ್ನು ಹಾಗೇ ಬಿಟ್ಟು ಒಳಗೆ ನುಸುಳಿದ. ಮರುಕ್ಷಣ ಹೊಲಿಗೆ ಯಂತ್ರ ಹುಚ್ಚು ಹಿಡಿದಂತೆ ಓಡತೊಡಗಿತು. ಎದುರಿಗೆ ಶಾಲಾ ವ್ಯಾನಿನಲ್ಲಿ ಕಾಲು ಚಾಚಿ ಮಲಗಿದ್ದ ಡ್ರೈವರು ಆ ಸದ್ದಿಗೆ ಎದ್ದು, ಯೂನಿಫಾರಂ ಕಂಡು, ಒಂದು ಪ್ರಶ್ನೆಯನ್ನೂ ಕೇಳದೆ ಹಾರ್ನು ಒತ್ತಲು ಶುರುಮಾಡಿದ.

ರಾಯರಿಗೆ ಇದಾವುದೂ ತಮ್ಮ ಕರ್ಮಫಲವೆಂದು ಹೊಳೆಯಲಿಲ್ಲ. ಅವರು ಮಕ್ಕಳನ್ನು ಮರದ ಡಿಪೋವಿನ ಹಿಂದಿನಿಂದ ಒಂದು ಸುತ್ತು ಹಾಕಿಸಿ, ಹಿತ್ತಲ ಓಣಿಯಿಂದ ಮನೆಗೆ ಕರೆತಂದರು. ಕೊನೆಯ ಸೀಟಿ ಊದಿ, "ಕವಾಯತು ಯಶಸ್ವಿ," ಎಂದು ಘೋಷಿಸಿದರು. ಮಗ ಬಟ್ಟೆ ಬಿಚ್ಚಿ ಎಸೆದು ಮತ್ತೆ ಹಾಸಿಗೆ ಸೇರಿದ. ಅತ್ತೆಯವರು, ಕಾಲರಿಗೆ ಹಾಲು ಚೆಲ್ಲಿದೆಯೆಂದು ಅವನ ಅಂಗಿಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿದರು. ಮಗಳು ಮಾತ್ರ ಯೂನಿಫಾರಂ ಬಿಚ್ಚಲು ಒಪ್ಪದೆ ಚೀಲ ಹಾಕಿಕೊಂಡೇ ಕೂತಳು. ರಾಯರು ಬನಿಯನ್ನಿನಲ್ಲಿ ಕುಳಿತು ಚಹಾ ಲೋಟಕ್ಕೆ ತುಟಿ ಹಚ್ಚಿದರು.

ಆಗ ಬೀದಿಯಲ್ಲಿ ಗದ್ದಲ ಕೇಳಿಸಿತು.

ರಾಯರು ಕಿಟಕಿಗೆ ಬಂದು ನೋಡುತ್ತಾರೆ, ಅವಳಿಮಕ್ಕಳ ತಾಯಿ ಎರಡೂ ಕೈಗೆ ಒಂದೊಂದು ಮಗುವನ್ನು ಹಿಡಿದು ಓಡುತ್ತಿದ್ದಾರೆ. ಒಂದು ಮಗುವಿನ ತಲೆ ಬಾಚಿದೆ, ಇನ್ನೊಂದರದ್ದು ಇಲ್ಲ. ಹಿಂದೆ ಒಬ್ಬ ಅಪ್ಪ ಮಗನ ಹಲ್ಲುಜ್ಜಿಸುತ್ತಲೇ ಓಡುತ್ತಿದ್ದಾನೆ. ಟೈಲರು ದಾರ ನೇತಾಡುವ ಅಂಗಿಗಳ ಹೊರೆ ಹೊತ್ತು, ಕಂಡಕಂಡ ಮಕ್ಕಳ ಮೇಲೆ ಒಂದೊಂದನ್ನು ತೊಡಿಸುತ್ತಿದ್ದಾನೆ. ವ್ಯಾನಿನ ಹಾರ್ನು ಬೊಬ್ಬೆ ಹೊಡೆಯುತ್ತಿದೆ.

"ಅತ್ತೆ, ಇವರೆಲ್ಲ ಎಲ್ಲಿಗೆ ಓಡ್ತಿದಾರೆ?"

"ಶಾಲೆಗಂತೆ."

"ಶಾಲೆ ನಾಳೆ ಅಲ್ವಾ?"

"ಇವತ್ತೇ ಅಂತ ನೀವೇ ಹೇಳಿದ್ರಲ್ಲ ಅಳಿಯಂದ್ರೇ."

ರಾಯರು ತಬ್ಬಿಬ್ಬಾದರು. ತಾವು ಹೇಳಿದ್ದು ಸುಳ್ಳು, ಅದು ಸರಿ. ಆದರೆ ಸುಳ್ಳು ಹೇಳುವಾಗ ಆಕಸ್ಮಿಕವಾಗಿ ನಿಜವೇ ಬಾಯಿಗೆ ಬಂದಿರಬಹುದಲ್ಲ? ಒಬ್ಬ ಮನುಷ್ಯ ತಪ್ಪಬಹುದು. ಇಡೀ ಬೀದಿ ತಪ್ಪುತ್ತದೆಯೇ? ಅದೂ ಅವಳಿಮಕ್ಕಳ ತಾಯಿ? ಅವರು ಹಲ್ಲುಜ್ಜಿಸುತ್ತಿದ್ದ ಅಪ್ಪನನ್ನು ಕಿಟಕಿಯಿಂದಲೇ ತಡೆದರು.

"ಶಾಲೆ ಇವತ್ತೇ ಅಂತ ಖಾತ್ರಿನಾ?"

"ಬೀದಿಗೆಲ್ಲ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ವಾ? ಯಾವ ಲೋಕದಲ್ಲಿದೀರಿ," ಎಂದು ಆತ ಓಡಿದ.

ಹೆಂಡತಿ ತಾರೀಕು ತಪ್ಪಾಗಿ ಕೇಳಿಸಿಕೊಂಡಿದ್ದಾರೆ. ಶಾಲೆ ಇವತ್ತೇ ಶುರು. ತಾವು ಈಗಷ್ಟೇ ಮಕ್ಕಳನ್ನು ಹೊರಡಿಸಿ, ಶಾಲೆಗೆ ಸೇರಿಸುವುದನ್ನು ಬಿಟ್ಟು, ಮನೆಗೆ ವಾಪಸು ಕರೆತಂದುಬಿಟ್ಟಿದ್ದಾರೆ. ಅವರು ಸೀಟಿಗೆ ಕೈಹಾಕಿ ಊದಿದರು.

ಎರಡನೆಯ ಕವಾಯತನ್ನು ಮ್ಯಾನೇಜರು ನೋಡದೇ ಇದ್ದದ್ದೇ ಒಳ್ಳೆಯದಾಯಿತು. ಮಗ ಏಳಲಿಲ್ಲ. ಎದ್ದಾಗ ಅವನ ಅಂಗಿ ಬಕೆಟ್ಟಿನಲ್ಲಿತ್ತು. ಹಿಂಡಿ ತೊಡಿಸಿದರೆ ಹುಡುಗ ಹೆಜ್ಜೆಹೆಜ್ಜೆಗೂ ನೊರೆ ಸುರಿಸುತ್ತಿದ್ದ. ಒಂದು ಕಾಲುಚೀಲ ಕೈಗೆ ಸಿಕ್ಕಿತು, ಇನ್ನೊಂದರ ಜಾಗಕ್ಕೆ ಅತ್ತೆಯವರ ಕೈಗವಸು ಬಂತು. ರಾಯರು ಅಂಗಿಯನ್ನು ಒಳಗು ಹೊರಗು ಮಾಡಿ ತೊಟ್ಟು, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿದರು. ಹೊರಡಲು ಸಿದ್ಧವಾಗಿದ್ದವಳು ಮಗಳೊಬ್ಬಳೇ.

"ಅಪ್ಪ, ಇನ್ನೊಂದು ಸಲ ಸುಳ್ಳು ಶಾಲೆನಾ?"

"ಹೂಂ, ಹೂಂ, ನಡಿ," ಎಂದರು ರಾಯರು. ನಿಜ ಹೇಳುತ್ತ ನಿಲ್ಲುವ ಹೊತ್ತು ಅದಾಗಿರಲಿಲ್ಲ.

ಬಸ್ ನಿಲ್ದಾಣದ ಬಳಿ ಅವರ ಹೆಂಡತಿ ಬಸ್ಸಿನಿಂದ ಇಳಿಯುತ್ತಿದ್ದರು. ರಾತ್ರಿಯಿಡೀ ನಿದ್ದೆ ಕೆಟ್ಟ ಕಣ್ಣಿಗೆ ಮೊದಲು ಕಂಡದ್ದು ಓಡುವ ಬೀದಿ, ಅದರ ಬಾಲದಲ್ಲಿ ನೊರೆ ಸುರಿಸುವ ಮಗ.

"ಏನಿದು? ಎಲ್ಲಿಗೆ?"

"ಶಾಲೆ ಇವತ್ತೇ ಕಣೇ. ನೀನು ಮಂಗಳವಾರ ಅಂದಿದ್ದೆ, ಸೋಮವಾರವಂತೆ."

ರಾತ್ರಿ ಪಾಳಿಯವರಿಗೆ ವಾರಗಳ ಮೇಲೆ ಹಿಡಿತ ಸಡಿಲವೇ. ಆಕೆ ಬೆರಳು ಮಡಚುತ್ತ ನಿಂತರು. "ನಾನು ನಿನ್ನೆ ಪಾಳಿಗೆ ಹೋಗಿದ್ದು ಭಾನುವಾರ. ಹಾಗಾದ್ರೆ ಇವತ್ತು... ಅಥವಾ ನಾನು ಎರಡು ಪಾಳಿ ಒಟ್ಟಿಗೆ ಮಾಡಿಬಿಟ್ನಾ?"

"ದಾರೀಲಿ ಲೆಕ್ಕ ಹಾಕು, ಬಾ."

ಎಂದೂ ಗಂಡನ ಮಾತು ನಂಬದ ಆಕೆ ಅವತ್ತು ನಂಬಿ ಹಿಂದೆ ಓಡಿದರು. ನಿದ್ದೆ ಕೆಟ್ಟರೆ ಮನುಷ್ಯರಿಗೆ ಏನೇನೋ ಆಗುತ್ತದೆ.

ಶಾಲೆಯ ಗೇಟಿಗೆ ಬೀಗ ಹಾಕಿತ್ತು. ಒಳಗೆ ಏಣಿಗಳು, ಡಬ್ಬಗಳು, ಹಸಿರು ಬಣ್ಣದ ಘಾಟು. ಗೇಟಿನ ಹಿಂದೆ ಕಾವಲುಗಾರ ಬೆಪ್ಪಾಗಿ ನಿಂತಿದ್ದ.

"ಶಾಲೆ ನಾಳೆ. ನಾಳೆ ಬನ್ನಿ," ಎಂದು ಅವನು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ.

ಅವಳಿಮಕ್ಕಳ ತಾಯಿ ರಾಯರನ್ನು ಕಂಡವರೇ, "ಎಲ್ಲರಿಗಿಂತ ಮೊದಲು ಹೊರಟವರು ನೀವು, ಕೊನೆಗೆ ಬಂದ್ರಾ? ದಾರೀಲಿ ಏನು ಮಾಡ್ತಿದ್ರಿ?" ಎಂದರು.

ಉತ್ತರ ಹೊಳೆಯದಾಗ ರಾಯರು ಬೇರೆ ಯಾರ ಮೇಲಾದರೂ ರೇಗುತ್ತಿದ್ದರು. ಕಾವಲುಗಾರ ಹತ್ತಿರವೇ ಇದ್ದ.

"ಏನಪ್ಪಾ, ಶಾಲೆ ಇವತ್ತಲ್ಲದಿದ್ರೆ ಇಷ್ಟು ಜನ ಸುಮ್ಮನೆ ಬರ್ತಾರಾ? ಎಲ್ಲಾರಿಗೂ ಒಟ್ಟಿಗೆ ತಲೆ ಕೆಟ್ಟಿದೆಯಾ? ಯಾರೋ ಜವಾಬ್ದಾರಿ ಇರೋರು ಹೇಳದೆ ಒಂದು ಬೀದಿಗೆ ಬೀದಿನೇ ಹೊರಡುತ್ತಾ?"

ಜನ ಹೌದೌದು ಎಂದರು. ರಾಯರ ಮಾತಿಗೆ ಇಷ್ಟು ಜನ ತಲೆದೂಗಿದ್ದು ಅದೇ ಮೊದಲು. ಅವರು ಇನ್ನಷ್ಟು ಏರಿದ ದನಿಯಲ್ಲಿ ಇನ್ನೊಂದಿಷ್ಟು ಮಾತಾಡಿದರು. ಸೋಮವಾರದ ಪರವಾಗಿ ಅಷ್ಟು ಸೊಗಸಾಗಿ ಮಾತಾಡಿದವರು ಬೇರೆ ಯಾರೂ ಇರಲಾರರು.

ಅಷ್ಟರಲ್ಲಿ ಹೆಡ್‌ಮಿಸ್ಸು ಬಂದರು. ತರಕಾರಿ ತರಲು ಹೊರಟಿದ್ದವರನ್ನು ಕಾವಲುಗಾರ ಫೋನು ಮಾಡಿ ಕರೆಸಿದ್ದ. ಕೈಚೀಲದಿಂದ ಎರಡು ಮೂಲಂಗಿ ಇಣುಕುತ್ತಿದ್ದವು.

"ಶಾಲೆ ನಾಳೆ ಅಂತ ನಾನೇ ಹೇಳಿ ಕಳಿಸಿದ್ನಲ್ಲ," ಎಂದರು ಆಕೆ.

"ಇವತ್ತು ಮೇಡಂ," ಎಂದಿತು ಗುಂಪು ಒಕ್ಕೊರಲಿನಲ್ಲಿ.

ಒಬ್ಬ ಮನುಷ್ಯನೊಂದಿಗೆ ವಾದ ಮಾಡಬಹುದು. ಯೂನಿಫಾರಂ ತೊಟ್ಟು, ಬೆನ್ನಿಗೆ ಚೀಲ ಏರಿಸಿ, ಬಾಯಿಬಿಟ್ಟು ನೋಡುತ್ತಿರುವ ನೂರು ಮಕ್ಕಳೊಂದಿಗೆ ವಾದ ಮಾಡುವುದು ಹೇಗೆ? ಹೆಡ್‌ಮಿಸ್ಸಿನ ದನಿ ಇಳಿಯಿತು. "ನಾನು ನಾಳೆ ಅಂತಲೇ ಹೇಳಿದ್ದೆನಲ್ಲ?" ಎಂದು ಅವರು ಕಾವಲುಗಾರನನ್ನು ಕೇಳಿದರು.

"ನಾಳೆ ಅಂತ ನಿನ್ನೆ ಹೇಳಿದ್ರಿ ಮೇಡಂ," ಎಂದ ಕಾವಲುಗಾರ. ಇದರಿಂದ ವಿಷಯ ಮತ್ತಷ್ಟು ಗೋಜಲಾಯಿತು. ನಿನ್ನೆಯ ನಾಳೆ ಎಂದರೆ ಇವತ್ತೇ ತಾನೇ ಎಂದು ಯಾರೋ ಹಿಂದಿನಿಂದ ಕೂಗಿದರು.

ಹೆಡ್‌ಮಿಸ್ಸು ಕೊನೆಗೆ ಶಿಕ್ಷಣ ಇಲಾಖೆಯ ಅಧಿಕಾರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಹಿಡಿದರು. ಅಧಿಕಾರಿಗಳ ದನಿ ತಿಂಡಿಯ ನಡುವಿನಿಂದ ಬಂತು.

"ಮಕ್ಕಳು ಬಂದಿದಾರಾ?"

"ಬಂದಿದಾರೆ ಸರ್."

"ನೀವು ಬಂದಿದೀರಾ?"

"ಬಂದಿದೀನಿ ಸರ್."

"ಮತ್ತೆ ಶಾಲೆಗೆ ಇನ್ನೇನು ಬೇಕು ಮೇಡಂ? ಮಕ್ಕಳೂ ಹೆಡ್‌ಮಿಸ್ಸೂ ಯಾವ ದಿನ ಒಂದೇ ಕಡೆ ಸೇರ್ತಾರೋ ಅದೇ ಪ್ರಾರಂಭದ ದಿನ. ಇದಕ್ಕೆಲ್ಲ ನನ್ನ ಅನುಮತಿ ಯಾಕೆ? ಕೇಳಿದ್ರಿ ಅಂತ ಬರೆದಿಟ್ಟುಕೊಳ್ತೀನಿ, ಕೊಟ್ಟೆ ಅಂತ ನೀವು ಬರೆಯಬೇಡಿ." ಫೋನು ಸತ್ತಿತು.

ಶಾಲೆಯ ಹಿಂದೆಯೇ ಮನೆಯಿದ್ದ ಒಂದನೇ ತರಗತಿಯ ಟೀಚರೂ ಗದ್ದಲ ಕೇಳಿ ಓಡಿಬಂದರು. ಬೀಗ ತೆರೆಯಿತು. ಬಣ್ಣದ ಮೇಸ್ತ್ರಿ ಕುಂಚ ಹಿಡಿದೇ ಓಡಿಬಂದು, "ಅಮ್ಮಾ, ಬೆಂಚು ಇನ್ನೂ ಹಸಿ ಇದೆ," ಎಂದು ಕೈಮುಗಿದ. ಕೇಳುವವರು ಯಾರು? ಗೇಟು ತೆರೆದದ್ದೇ ತಡ, ಅಮ್ಮಂದಿರು "ಮೊದಲ ಬೆಂಚು, ಮೊದಲ ಬೆಂಚು," ಎನ್ನುತ್ತ ಮಕ್ಕಳನ್ನು ನೂಕಿದರು. ಮೇಸ್ತ್ರಿ ಹಿಂದಿನ ಗೋಡೆಯಿಂದ ಬಳಿಯುತ್ತ ಬಂದು, ಮೊದಲ ಬೆಂಚಿಗೇ ಕಟ್ಟಕಡೆಯ ಕೈ ಹಚ್ಚಿ ಮುಗಿಸಿದ್ದ.

ಗೇಟಿನ ಬಳಿ ಒಂದನೇ ತರಗತಿಯ ಮಕ್ಕಳೆಲ್ಲ ಅಮ್ಮನ ಸೆರಗೋ ಅಪ್ಪನ ಮೊಣಕಾಲೋ ತಬ್ಬಿ ಗೋಳೋ ಎನ್ನುತ್ತಿದ್ದರು. ರಾಯರ ಹೆಂಡತಿ ತಮ್ಮ ಮಗಳ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಈಗ ಅಳು, ಈಗ ಓಟ, ಈಗ ಯಾವುದೋ ಬೀರು ಎಂದು ಕಾಯುತ್ತಿದ್ದರು. ಹುಡುಗಿ ಅಮ್ಮನ ಕೈಯಿಂದ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಪಕ್ಕದಲ್ಲಿ ಅಳುತ್ತಿದ್ದ ಅವಳಿಗಳಲ್ಲೊಬ್ಬನ ಕಿವಿಯಲ್ಲಿ ಏನೋ ಹೇಳಿದಳು. ಅವನು ಅಳು ನಿಲ್ಲಿಸಿದ. ಇಬ್ಬರೂ ಕೈಹಿಡಿದು ಒಳಗೆ ನಡೆದರು. ಹುಡುಗಿ ಹಿಂದಿರುಗಿಯೂ ನೋಡಲಿಲ್ಲ.

"ಇದು ಹೇಗೆ?" ಎಂದರು ಹೆಂಡತಿ.

ರಾಯರು ಬಾಯಿ ತೆರೆದರು. ಆದರೆ ಗೇಟಿನ ಹೊರಗೆ ಬೇರೆಯೇ ಒಂದು ವಿಚಾರಣೆ ಶುರುವಾಗಿತ್ತು. ಕಾವಲುಗಾರನಿಗೆ ಅನುಮಾನ ಹೋಗಿರಲಿಲ್ಲ.

"ಅಲ್ಲ ಸ್ವಾಮಿ, ಇವತ್ತು ಅಂತ ನಿಮಗೆ ಹೇಳಿದ್ದು ಯಾರು?"

ಹಲ್ಲುಜ್ಜಿಸಿದ ಅಪ್ಪ ವ್ಯಾನಿನ ಡ್ರೈವರನ್ನು ತೋರಿಸಿದ. ಡ್ರೈವರು, "ನನಗೆ ಯಾರೂ ಹೇಳಿಲ್ಲ, ಟೈಲರ ಮಿಷನ್ನಿನ ಸದ್ದು ಕೇಳಿ ಎದ್ದೆ," ಎಂದ. ಟೈಲರು ಸೂಜಿ ಚುಚ್ಚಿದ ಬೆರಳನ್ನು ಬಾಯಿಂದ ತೆಗೆದು ರಾಯರ ಕಡೆ ಚಾಚಿದ. ಅವಳಿಮಕ್ಕಳ ತಾಯಿಯ ಬೆರಳೂ ಅದೇ ಕಡೆ ತಿರುಗಿತು. ಕೊನೆಗೆ ಎಲ್ಲರ ಕಣ್ಣೂ ಬಂದು ನಿಂತದ್ದು ಒಳಗು ಹೊರಗಾದ ಒಂದು ಅಂಗಿಯ ಮೇಲೆ.

"ನಿಮಗ್ಯಾರು ಹೇಳಿದ್ರು?" ಎಂದು ಕೇಳಿದವರು ಹೆಂಡತಿ. ಅವರ ದನಿ ಮೆತ್ತಗಿತ್ತು. ಮೆತ್ತಗಿದ್ದದ್ದೇ ಅಪಾಯ.

"ನಾನು ಹೇಳಿದ್ದು ಸುಳ್ಳಿಗೆ," ಎಂದರು ರಾಯರು. "ಕವಾಯತು. ನಾಳೆಗೆ ಅನುಕೂಲ ಆಗಲಿ ಅಂತ. ಇವರೆಲ್ಲ ನಂಬಿ ಓಡಿದ್ರು. ಇವರು ಓಡಿದ್ದು ನೋಡಿ ನಾನೂ ನಂಬಿದೆ."



"ನನ್ನ ಬೆರಳಿಗೆ ಸೂಜಿ ಹೊಕ್ಕಿದ್ದೂ ಸುಳ್ಳಿಗಾ ಸ್ವಾಮಿ?" ಎಂದ ಟೈಲರು.

ರಾಯರ ಅದೃಷ್ಟಕ್ಕೋ ದುರದೃಷ್ಟಕ್ಕೋ ಅದೇ ಹೊತ್ತಿಗೆ ಒಳಗೆ ಹೆಡ್‌ಮಿಸ್ಸು ಮಕ್ಕಳಿಗೆ ಎದ್ದು ನಿಲ್ಲಲು ಹೇಳಿದ್ದರು. ಕೆಲವರು ಎದ್ದರು, ಕೆಲವರ ಜೊತೆ ಬೆಂಚೂ ಎದ್ದಿತು. ಸಾಲಾಗಿ ಹೊರಬಂದ ಮಕ್ಕಳ ಹಿಂಭಾಗಗಳ ಮೇಲೆ ಹಸಿರು ಪಟ್ಟೆಗಳು ಎದ್ದು ಕಾಣುತ್ತಿದ್ದವು. ಯಾರು ಮೊದಲ ಬೆಂಚಿಗೆ ನುಗ್ಗಿದ್ದರು ಎಂಬುದನ್ನು ಪಟ್ಟೆಯ ಗಾಢತೆ ನೋಡಿಯೇ ಹೇಳಬಹುದಿತ್ತು. ಅವಳಿಗಳಿಬ್ಬರೂ ಸೊಂಟದಿಂದ ಮೊಣಕಾಲಿನವರೆಗೆ ಗಿಳಿಯ ಬಣ್ಣಕ್ಕೆ ತಿರುಗಿದ್ದರು.

ಹೆಡ್‌ಮಿಸ್ಸು ಮೆಟ್ಟಿಲ ಮೇಲೆ ನಿಂತು ಮೂಲಂಗಿಯ ಚೀಲವನ್ನು ಎದೆಗವಚಿಕೊಂಡು ಪ್ರಕಟಿಸಿದರು, "ಯೂನಿಫಾರಂ ತೊಳೆಯೋದಕ್ಕೆ ಅನುಕೂಲ ಆಗಲಿ ಅಂತ ನಾಳೆ ಮಂಗಳವಾರ ಶಾಲೆಗೆ ರಜೆ."

ಹೀಗೆ ಶಾಲೆ ಶುರುವಾಗಬೇಕಾಗಿದ್ದ ದಿನವೇ ಶಾಲೆಗೆ ರಜೆಯಾಯಿತು.

ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ರಾಯರು ಏನು ಮಾಡಿದರು ಎಂದು ವಿವರಿಸಬೇಕಾಗಿಲ್ಲ. ಬೀದಿಯ ತೀರ್ಮಾನ ಸರಳವಾಗಿತ್ತು. ಟೈಲರಂಗಡಿಯ ಮುಂದೆ ಒಂದು ಸ್ಟೂಲು, ಒಂದು ಡಬ್ಬ ಟರ್ಪೆಂಟೈನು, ಹಳೇ ಬಟ್ಟೆಯ ಚೂರುಗಳು, ಮತ್ತು ರಾಯರು. ಮನೆಮನೆಯಿಂದ ಚಡ್ಡಿಗಳು, ಲಂಗಗಳು ಬಂದು ರಾಶಿಬಿದ್ದವು. ಟೈಲರು ಕೈಕಟ್ಟಿ ನಿಂತು, "ಆ ಹೊಲಿಗೆ ಹತ್ತಿರ ಜೋರಾಗಿ ತಿಕ್ಕಬೇಡಿ, ಅದು ಓಡ್ತಾ ಓಡ್ತಾ ಹಾಕಿದ ಹೊಲಿಗೆ," ಎಂದು ಆಗಾಗ ಎಚ್ಚರಿಸುತ್ತಿದ್ದ. ಅವಳಿಮಕ್ಕಳ ತಾಯಿ ಬಾಲ್ಕನಿಯಿಂದಲೇ ಉಸ್ತುವಾರಿ ನೋಡಿಕೊಂಡರು.

ಮನೆಗೆ ಬಂದಾಗ ಹೆಂಡತಿ ನಿದ್ದೆ ಮುಗಿಸಿ ಎದ್ದಿದ್ದರು. ಬೈಯಲು ಬೇಕಾದ ಮಾತುಗಳೆಲ್ಲ ವಿಶ್ರಾಂತಿ ಪಡೆದು ಹುರುಪಾಗಿದ್ದವು. ಆದರೆ ಅವರು ಶುರುಮಾಡುವ ಮುಂಚೆ ಮಗಳು ನಡುವೆ ಬಂದು ನಿಂತಳು.

"ಅಮ್ಮ, ಟೀಚರು ನನ್ನ ಹೆಸರೇನು ಅಂತ ಕೇಳಿದ್ರು. ಹುಲಿ ಅಂದೆ."

"ಹುಲಿನಾ? ಯಾಕೆ ಹಾಗಂದೆ?"

"ಸುಳ್ಳು ಶಾಲೆಲಿ ನಿಜ ಹೆಸರು ಯಾಕೆ ಹೇಳಬೇಕು? ಅವನು ಅಳ್ತಿದ್ನಲ್ಲ, ಅವನಿಗೂ ಹೇಳಿಕೊಟ್ಟೆ, ಇದು ಸುಳ್ಳು ಶಾಲೆ ಅಂತ. ಅವನು ಕರಡಿ ಅಂದ. ಟೀಚರು ನಕ್ಕುಬಿಟ್ರು. ಸುಳ್ಳು ಟೀಚರು ಒಳ್ಳೇವರು ಅಮ್ಮ. ನಿಜವಾದ ಶಾಲೆ ಯಾವಾಗ?"

ರಾಯರು ಕಣ್ಣು ಮುಚ್ಚಿಕೊಂಡರು. ಇನ್ನು ಮುಗಿಯಿತು ಎಂದುಕೊಂಡರು. ಬುಧವಾರ ಬೆಳಿಗ್ಗೆ ಬೀರುವಿನ ಬಾಗಿಲಿನ ಮುಂದೆ ಮತ್ತೆ ಮಂಡಿಯೂರುವ ಚಿತ್ರ ಅವರ ಮುಂದೆ ಬಂತು. ಹುಡುಗಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡುಬಿಡೋಣವೆಂದು ಗಂಟಲು ಸರಿಮಾಡಿಕೊಂಡರು.

"ಅದಕ್ಕಿನ್ನೂ ತುಂಬಾ ದಿನ ಇದೆ ಮರಿ," ಎಂದ ದನಿ ಹೆಂಡತಿಯದು. "ನಾಡಿದ್ದೂ ಸುಳ್ಳು ಶಾಲೆನೇ. ಮುಂದಿನ ವಾರವೂ ಅದೇ."

"ಹಂಗಾದ್ರೆ ಸರಿ," ಎಂದು ಹುಡುಗಿ ಆಟಕ್ಕೆ ಓಡಿದಳು.

ರಾಯರು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು. ಹೆಂಡತಿ ಗೋಡೆಯನ್ನು ನೋಡುತ್ತಿದ್ದರು.

"ಮತ್ತೆ ನಿಜ ಶಾಲೆ ಯಾವಾಗ ಅಂತ ಹೇಳೋದು ಅವಳಿಗೆ?" ಎಂದು ರಾಯರು ಮೆಲ್ಲಗೆ ಕೇಳಿದರು.

"ಕಾಲೇಜು ಮುಗಿಸಲಿ. ಆಮೇಲೆ ನೋಡೋಣ," ಎಂದರು ಆಕೆ. ಬೈಗುಳವನ್ನು ನಾಳೆಗೆ ಮುಂದೂಡಿದ್ದು ಸ್ಪಷ್ಟವಾಗಿತ್ತು.

ಬುಧವಾರ ಬೆಳಿಗ್ಗೆ ಬೀದಿಯ ಮಕ್ಕಳೆಲ್ಲ ಹಿಂದೆ ತಿಳಿಹಸಿರು ಮಬ್ಬಿರುವ ಯೂನಿಫಾರಂ ತೊಟ್ಟು ಶಾಲೆಗೆ ಹೊರಟರು. ರಾಯರ ಮಗಳು ಎಲ್ಲರಿಗಿಂತ ಮುಂದಿದ್ದಳು. ಗೇಟಿನ ಬಳಿ ಒಂದನೇ ತರಗತಿಯ ಟೀಚರು ನಿಂತಿದ್ದರು. ಹುಡುಗಿ ಒಳಗೆ ಹಾರಿದ ಮೇಲೆ ಅವರು ರಾಯ ದಂಪತಿಯ ಕಡೆಗೆ ತಿರುಗಿದರು.

"ಹುಲಿಯ ತಂದೆತಾಯಿ ನೀವೇನಾ?"

ಹೆಂಡತಿ ಗಂಡನ ಮುಖ ನೋಡಿದರು. ಮೂರು ದಿನಗಳಿಂದ ಯಾವ ಪ್ರಶ್ನೆ ಬಂದರೂ ಕಕ್ಕಾಬಿಕ್ಕಿಯಾಗುತ್ತಿದ್ದ ಸೀಟಿರಾಯರು ಈ ಸಲ ಒಂದಿಷ್ಟೂ ತಡವರಿಸಲಿಲ್ಲ.

"ಹೌದು ಮೇಡಂ, ನಾವೇ," ಎಂದರು.